ಈಮೇಲ್ ಕಂಪನಿ ಗೇಮ್ ಕಂಪನಿಯಾಗಿದ್ದು ಹೇಗೆ? ನೆಟ್‌ಈಸ್ ಬಗ್ಗೆ ಗೊತ್ತಿರೋರು ಹೇಳಿ

ತುಂಗಾತೀರ
ಸುಮಾರು ದಿನದಿಂದ ತಲೆ ಕೊರೀತಿರೋ ಪ್ರಶ್ನೆ. 2024ರ ಡಿಸೆಂಬರ್‌ನಲ್ಲಿ ಮಾರ್ವೆಲ್ ರೈವಲ್ಸ್ ಬಂತಲ್ಲ, ಮೂರೇ ದಿನಕ್ಕೆ ಒಂದು ಕೋಟಿ ಜನ ಆಡಿದ್ರು. ಹೀರೋಗಳು ಅಮೆರಿಕದವರು, ಆಟ ಮಾಡಿದ್ದು ಚೀನಾದ ನೆಟ್‌ಈಸ್. ಚೀನಾ ಗೇಮ್ ಅಂದ್ರೆ ನಮಗೆ ಟೆನ್ಸೆಂಟ್, ಪಬ್‌ಜಿ, ಅಲ್ಲಿಗೆ ಮುಗೀತು. ಇವರ ಹಿನ್ನೆಲೆ ಕೆದಕಿದ್ರೆ 1997ರಲ್ಲಿ ಗುವಾಂಗ್‌ಝೌ ಊರಲ್ಲಿ ಡಿಂಗ್ ಲೆಯ್ ಅನ್ನೋ ಇಪ್ಪತ್ತೈದರ ಹುಡುಗ ಶುರು ಮಾಡಿದ್ದು. ಮೊದಲು ಈಮೇಲ್ ಸಾಫ್ಟ್‌ವೇರ್, ಆಮೇಲೆ ಪೋರ್ಟಲ್ (ಸುದ್ದಿ, ಮೇಲ್ ಎಲ್ಲ ಒಂದೇ ಕಡೆ ಸಿಗೋ ವೆಬ್‌ಸೈಟ್), 2000ರ ಜೂನ್‌ನಲ್ಲಿ ಅಮೆರಿಕದ ಷೇರುಪೇಟೆ ನಾಸ್ಡಾಕ್.

ವಿಚಿತ್ರ ಏನಪ್ಪಾ ಅಂದ್ರೆ ಅದೇ ತಿಂಗಳು ಅದೇ ನಾಸ್ಡಾಕ್‌ಗೆ ನಮ್ಮ ರೆಡಿಫ್ ಕೂಡ ಹೋಗಿತ್ತು! ಅಲ್ಲೂ ಈಮೇಲ್, ಸುದ್ದಿ, ಚಾಟ್. ರೆಡಿಫ್ 2016ರಲ್ಲಿ ನಾಸ್ಡಾಕ್‌ನಿಂದ ಹೊರಗೆ ಬಂತು. ನೆಟ್‌ಈಸ್ 2023ರಲ್ಲಿ ಹತ್ತು ಸಾವಿರ ಕೋಟಿ ಯುವಾನ್ ಆದಾಯ ದಾಟ್ತು, ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಗೇಮ್‌ನಿಂದ. ಇಬ್ಬರ ದಾರಿ ಎಲ್ಲಿ ಬೇರೆ ಆಯ್ತು? "ಚೀನಾ ಸರ್ಕಾರ ಸಾಕಿದ್ದು" ಅನ್ನೋ ಉತ್ತರ ಬೇಡ, ಅದು ಎಲ್ರಿಗೂ ಬಾಯಿಪಾಠ.

ಬಸವನಗುಡಿ ಬಾಯ್
ಚೀನಾ ಸರ್ಕಾರ ಸಾಕಿದ್ದು.

ತುಂಗಾತೀರ
ನೀನು ಬರ್ತೀಯ ಅಂತ ಗೊತ್ತಿತ್ತು ಮಾರಾಯ.

ಲೆಕ್ಕದ ರಾಧಿಕಾ
ಸಾಕಿದ್ರೆ 2001ರಲ್ಲಿ ಸಾಯೋ ಸ್ಥಿತಿಗೆ ಯಾಕೆ ಬರ್ತಿತ್ತು? 15.50 ಡಾಲರ್‌ಗೆ ಷೇರು ಮಾರಿ ಲಿಸ್ಟ್ ಆದ ದಿನಾನೇ ಬೆಲೆ ಇಳೀತು, ಯಾಕಂದ್ರೆ ಇಂಟರ್ನೆಟ್ ಕಂಪನಿ ಷೇರುಗಳ ಡಾಟ್‌ಕಾಮ್ ಗುಳ್ಳೆ ಆಗಲೇ ಒಡೆದಿತ್ತು. ಮುಂದಿನ ವರ್ಷ 2000ನೇ ಸಾಲಿನ ಆದಾಯವನ್ನ ಉಬ್ಬಿಸಿ ತೋರಿಸಿದ್ದು ಹೊರಗೆ ಬಿತ್ತು. ಲೆಕ್ಕಪತ್ರ ತಿದ್ದಿ ಮತ್ತೆ ಸಲ್ಲಿಸಬೇಕಾಯ್ತು. 2001ರ ಸೆಪ್ಟೆಂಬರ್‌ನಲ್ಲಿ ನಾಸ್ಡಾಕ್ ವಹಿವಾಟನ್ನೇ ನಿಲ್ಲಿಸ್ತು, ಮತ್ತೆ ಶುರುವಾಗಿದ್ದು 2002ರ ಜನವರಿಗೆ. ಆಗ ಷೇರು ಒಂದು ಡಾಲರ್‌ಗೂ ಕೆಳಗೆ. ಡಿಂಗ್ ಲೆಯ್ ಕಂಪನಿ ಮಾರಿಬಿಡೋಕೆ ಓಡಾಡ್ತಿದ್ದ. ಆಡಿಟ್ ಕೆಲಸ ಮಾಡೋಳಾಗಿ ಹೇಳ್ತೀನಿ, ಇಂಥ ಹೊಡೆತ ತಿಂದು ಮೇಲೆದ್ದ ಕಂಪನಿಗಳು ಬೆರಳೆಣಿಕೆ.

ಬಸವನಗುಡಿ ಬಾಯ್
ರಾಧಿಕಾ ಮೇಡಂ, ಎದ್ದಿದ್ದಕ್ಕೆ ಕಾರಣ? ಫೇಸ್‌ಬುಕ್ ಇಲ್ಲ, ಗೂಗಲ್ ಇಲ್ಲ, ಗೇಟ್ ಹಾಕಿ ಬೀಗ ಜಡಿದ್ರೆ ಒಳಗಿರೋರೇ ರಾಜರು.

ವಿಎಎಸ್ ಶಿವು
ಬಾಯ್, 2002ಕ್ಕೆ ಫೇಸ್‌ಬುಕ್ ಹುಟ್ಟೇ ಇರ್ಲಿಲ್ಲ ಗುರೂ. ನಿಜವಾದ ಕಾರಣ ಎಸ್‌ಎಂಎಸ್.

ಸ್ವಲ್ಪ ಉದ್ದ ಆಗುತ್ತೆ, ಓದಿ. 2000ದ ಕೊನೆಗೆ ಚೈನಾ ಮೊಬೈಲ್ "ಮಾಂಟರ್ನೆಟ್" ಅಂತ ಒಂದು ವ್ಯವಸ್ಥೆ ತಂತು. ಪೋರ್ಟಲ್‌ಗಳು ಮೊಬೈಲ್‌ಗೆ ಸುದ್ದಿ, ಜೋಕು, ರಿಂಗ್‌ಟೋನು, ಗೆಳೆತನದ ಮೆಸೇಜು ಕಳಿಸೋದು, ದುಡ್ಡನ್ನ ಟೆಲಿಕಾಂ ಕಂಪನಿ ಫೋನ್ ಬಿಲ್‌ನಲ್ಲೇ ವಸೂಲಿ ಮಾಡೋದು. ಹಂಚಿಕೆ ನೋಡಿ: ಚೈನಾ ಮೊಬೈಲ್ ಇಟ್ಕೊಂಡಿದ್ದು 15 ಪರ್ಸೆಂಟ್, ಪೋರ್ಟಲ್‌ಗೆ 85. ಕ್ರೆಡಿಟ್ ಕಾರ್ಡ್ ಇಲ್ಲದ ದೇಶದಲ್ಲಿ ಕೋಟ್ಯಂತರ ಜನರಿಂದ ಒಂದೊಂದು ಯುವಾನ್ ಎತ್ತೋ ದಾರಿ ಸಿಕ್ತು. ನೆಟ್‌ಈಸ್ 2002ರಲ್ಲಿ ಮೊದಲ ಸಲ ಲಾಭ ಕಂಡಿದ್ದು ಹೀಗೆ. ಚೀನಾದ ಇನ್ನೆರಡು ಪೋರ್ಟಲ್ ಸಿನಾ, ಸೋಹು ಉಳಿದಿದ್ದೂ ಹೀಗೆ. ಟೆನ್ಸೆಂಟ್‌ಗೂ ಆಗ ಇದೇ ಅನ್ನ.

ನಮ್ಮಲ್ಲಿ? ನಾನು ಕಾಲರ್ ಟ್ಯೂನ್ ಕಾಲದಲ್ಲಿ ಬೆಂಗಳೂರಿನ ಒಂದು ಸಣ್ಣ ವಿಎಎಸ್ (ಮೊಬೈಲ್‌ಗೆ ಹಾಡು, ಮೆಸೇಜು ಥರದ ಹೆಚ್ಚುವರಿ ಸೇವೆ ಕೊಡೋ) ಕಂಪನಿಯಲ್ಲಿದ್ದೆ. ಗಿರಾಕಿ ಹಾಡಿಗೆ ಕೊಟ್ಟ ದುಡ್ಡಲ್ಲಿ ಸಿಂಹಪಾಲು ಆಪರೇಟರ್‌ಗೆ. ಉಳಿದಿದ್ದರಲ್ಲಿ ಹಾಡಿನ ಹಕ್ಕಿನವರು, ನಡುವಿನವರು, ಕೊನೆಗೆ ನಾವು. ಆ ಚಿಲ್ಲರೆಗೂ ತಿಂಗಳುಗಟ್ಟಲೆ ಫಾಲೋಅಪ್. ಪ್ರತಿ ತಿಂಗಳು ಎಕ್ಸೆಲ್ ಶೀಟ್ ಹಿಡ್ಕೊಂಡು "ಸರ್, ನಮ್ಮ ಡೌನ್‌ಲೋಡ್ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ತಾಳೆ ಆಗ್ತಿಲ್ಲ" ಅಂತ ಅಂಗಲಾಚೋದೇ ನನ್ನ ಕೆಲಸ. ಇಂಥಲ್ಲಿ ಯಾವ ಪೋರ್ಟಲ್ ದುಡ್ಡು ಉಳಿಸಿ ಗೇಮ್ ಬರೆಸುತ್ತೆ?

ತುಂಗಾತೀರ
ಶಿವಣ್ಣ, ಇದೇ ಬೇಕಿತ್ತು ನೋಡಿ. ರೆಡಿಫ್‌ಗೂ ನೆಟ್‌ಈಸ್‌ಗೂ ವ್ಯತ್ಯಾಸ 15:85 ಅಂತಾಯ್ತು.

ಲೆಕ್ಕದ ರಾಧಿಕಾ
ಅಷ್ಟೇ ಅಲ್ಲ. ಸಿನಾಗೂ ಅದೇ 85 ಸಿಕ್ತು, ಸಿನಾ ಗೇಮ್ ಕಂಪನಿ ಆಗ್ಲಿಲ್ವಲ್ಲ. ಡಿಂಗ್ ಲೆಯ್ ಆ ದುಡ್ಡನ್ನ ಎಲ್ಲಿ ಹಾಕಿದ ಅನ್ನೋದು ಮುಖ್ಯ.

ಷೇರುಪೇಟೆ ಸಂಗಣ್ಣ
ಇಲ್ಲಿ ಒಂದ್ ಕಥಿ ಹೇಳ್ಬೇಕ್ರಿ, ನಮ್ ಲೈನಿನ್ಯಾಗ ಭಾಳ ಫೇಮಸ್. ಷೇರು ಒಂದ್ ಡಾಲರಿನ ಕೆಳಗ ಬಿದ್ದಿತ್ತಲ್ಲ, ಆವಾಗ ದುವಾನ್ ಯೋಂಗ್‌ಪಿಂಗ್ ಅಂಬಾಂವ ಸುಮಾರು 20 ಲಕ್ಷ ಡಾಲರ್ ಹಾಕಿ ನೆಟ್‌ಈಸ್ ಷೇರು ಬಾಚಿದ. ಕಂಪನಿ ಕೈಯಾಗಿದ್ದ ರೊಕ್ಕಾನ ಷೇರಿನ ಒಟ್ಟು ಬೆಲಿಗಿಂತ ಜಾಸ್ತಿ ಇತ್ತು. ಕೋರ್ಟಿನ ಭಯಕ್ಕ ಯಾರೂ ಮುಟ್ಟವಲ್ರು. ಇಂವ ವಕೀಲರನ್ನ ಕೇಳಿ ಕೈ ಹಾಕಿದ. 2003ರ ಅಕ್ಟೋಬರ್‌ದಾಗ ಅದ ಷೇರು 70 ಡಾಲರ್ ಸುತ್ತ. ಡಿಂಗ್ ಲೆಯ್ ಆ ವರ್ಷ ಚೀನಾದ ನಂಬರ್ ಒನ್ ಶ್ರೀಮಂತ ಅನಿಸ್ಕೊಂಡ.

ಈ ದುವಾನ್ ಯಾರಂತೀರಿ? ಬಿಬಿಕೆ ಸ್ಥಾಪಕ. ಒಪ್ಪೊ, ವಿವೋ ಫೋನಿನ ಮೂಲ ಅದ. ನಿಮ್ ಕೈಯಾಗಿನ ಫೋನು, ಐಪಿಎಲ್ ಮ್ಯಾಲಿದ್ದ ಹೆಸರು, ಎಲ್ಲಾ ಒಂದ ಬೇರಿಗೆ ಹೋಗಿ ಮುಟ್ಟತಾವ. ಇನ್ನೊಂದ್ ಕೇಳ್ರಿ: ಅಮೆರಿಕದಾಗ ಓದಾಕತ್ತಿದ್ದ ಕಾಲಿನ್ ಹುವಾಂಗ್ ಅನ್ನೋ ಹುಡುಗನ್ನ ದುವಾನ್‌ಗ ಪರಿಚಯ ಮಾಡಿಸಿದಾಂವ ಡಿಂಗ್ ಲೆಯ್. ಆ ಹುಡುಗ ಮುಂದ ಪಿಂಡುವೊಡುವೊ ಅನ್ನೋ ಆನ್‌ಲೈನ್ ಶಾಪಿಂಗ್ ಕಂಪನಿ ಕಟ್ಟಿದ. ಟೆಮು ಶಾಪಿಂಗ್ ಆ್ಯಪ್ ಅದರದ ಕೂಸು.

ಬಸವನಗುಡಿ ಬಾಯ್
ದುವಾನ್ ಬಿಬಿಕೆಗೆ ಮುಂಚೆ ಮಾಡ್ತಿದ್ದಿದ್ದು ಟಿವಿಗೆ ಹಚ್ಚೋ ನಕಲಿ ನಿಂಟೆಂಡೊ. ಕೀಬೋರ್ಡ್ ಹಾಕಿ "ಕಲಿಕಾ ಯಂತ್ರ" ಅಂತ ಅಪ್ಪ ಅಮ್ಮಂದಿರಿಗೆ ಮಾರ್ತಿದ್ದ. ಮಕ್ಕಳು ಕಲಿತಿದ್ದು ಮಾರಿಯೋ. ಎಂಥ ತಲೆ!

ಕುಡ್ಲದ ಕೋಡರ್
ಹಾಗಾದ್ರೆ ಗೇಮ್ ಹಿಟ್ ಆದದ್ದು ಹೇಗೆ ಮಾರ್ರೆ? ಷೇರಿನ ಪುರಾಣವೇ ಆಯ್ತಲ್ಲ.

ಹಾಸನದ ಹೀಲರ್
ನಾನು ಹೇಳ್ತೀನಿ. 2001ರಲ್ಲಿ ಒಂದು ಚಿಕ್ಕ ಗೇಮ್ ತಂಡವನ್ನ ಕೊಂಡ್ಕೊಂಡ್ರು. ಆ ಕಾಲಕ್ಕೆ ಚೀನಾದಲ್ಲಿ ನಡೀತಿದ್ದಿದ್ದೆಲ್ಲ ಕೊರಿಯಾ ಆಟಗಳು. ಶಾಂಡಾ ಅನ್ನೋ ಕಂಪನಿ ಲೆಜೆಂಡ್ ಆಫ್ ಮಿರ್ 2 ತಂದು ಕೋಟಿ ಎಣಿಸ್ತಿತ್ತು. ನೆಟ್‌ಈಸ್ "ನಮ್ಮದೇ ಬರೀತೀವಿ" ಅಂತ ಹೊರಟು ಮೊದಲ ವೆಸ್ಟ್‌ವರ್ಡ್ ಜರ್ನಿ ಬಿಟ್ಟಾಗ ಅದು ಮಕಾಡೆ ಮಲಗ್ತು. ಬಿಡದೆ 2002ರಲ್ಲಿ ಎರಡನೇದು. ಅದು ಓಡ್ತು. 2003ರ ಕೊನೆಗೆ ಫ್ಯಾಂಟಸಿ ವೆಸ್ಟ್‌ವರ್ಡ್ ಜರ್ನಿ, ಮುದ್ದು ಮುದ್ದು ಗೊಂಬೆ ಥರದ ಪಾತ್ರಗಳು, ಸರದಿ ಪ್ರಕಾರ ಹೊಡೆದಾಟ, ಹಳೇ ಕಂಪ್ಯೂಟರಲ್ಲೂ ಓಡುತ್ತೆ. ಒಂದು ಹಂತದಲ್ಲಿ ಒಂದೇ ಹೊತ್ತಿಗೆ 25 ಲಕ್ಷಕ್ಕೂ ಹೆಚ್ಚು ಜನ ಅದರೊಳಗಿದ್ರು. ಇವತ್ತಿಗೂ ನಡೀತಿದೆ. ಇಪ್ಪತ್ತು ವರ್ಷದ ಮೇಲೆ!

ಇಳಕಲ್ ಗ್ರಾನೈಟ್
ಇದನ್ನ ಕಣ್ಣಾರೆ ಕಂಡೀನ್ರಿ. ನಮ್ಮದು ಕಲ್ಲಿನ ವ್ಯಾಪಾರ, ಕೆಂಪು ಗ್ರಾನೈಟ್ ಬ್ಲಾಕ್ ಶ್ಯಾಮೆನ್ ಬಂದರಿಗೆ ಹೋಗತಿತ್ತು. 2006-07ರ ಸುಮಾರಿಗೆ ಮಾರ್ಚ್ ತಿಂಗಳ ಕಲ್ಲಿನ ಮೇಳಕ್ಕ ಹೋಗತಿದ್ದೆ. ಮನಿಗೆ ಮೇಲ್ ಮಾಡಾಕ ಹೊಟೇಲ್ ಹಿಂದಿನ ಸೈಬರ್ ಕೆಫೆಗೆ ಹೋದ್ರ, ನಮ್ಮೂರಾಗಿನಂಗ ನಾಕು ಪ್ಲೈವುಡ್ ಗೂಡು ಅಲ್ಲ, ಟಾಕೀಸಿನಷ್ಟ ದೊಡ್ಡ ಹಾಲು. ಸಿಗರೇಟ್ ಹೊಗಿ, ನೂಡಲ್ಸ್ ವಾಸನಿ. ರಾತ್ರಿ ಹನ್ನೆರಡಕ್ಕೂ ಸೀಟು ಖಾಲಿ ಇಲ್ಲ. ಅರ್ಧ ಸ್ಕ್ರೀನ್ ಮ್ಯಾಲ ಆ ಗೊಂಬಿ ಆಟಾನ.

ಪೇಪರ್ ಮಾರೋ ಗೂಡಂಗಡಿಯೊಳಗ ನೆಟ್‌ಈಸ್ ಕಾರ್ಡ್ ಜೋತು ಬಿಟ್ಟಿರತಿದ್ರು. 15 ಯುವಾನ್ ಕೊಟ್ಟು ತಗೊಂಡು, ಉಗುರಿಲೆ ಕೆರೆದು, ನಂಬರ್ ಹೊಡದ್ರ ಆಟದ ತಾಸು ತುಂಬತಿತ್ತು. ಗಂಟೆಗೆ ಅರ್ಧ ಯುವಾನ್ ಸೈತ ಬೀಳತಿರಲಿಲ್ಲ. ನಮ್ ಏಜೆಂಟನ ಡ್ರೈವರ್ ಹುಡುಗ ಕಾರ್ ನಿಲ್ಲಿಸಿ ಸಿಗರೇಟಿನ ಸಂಗಡ ಕಾರ್ಡ್ ತರತಿದ್ದ. ರೊಕ್ಕ ಅಲ್ಲಿಂದ ಹುಟ್ಟತಿತ್ರಿ, ಸರ್ಕಾರದಿಂದಲ್ಲ.

ವಿಎಎಸ್ ಶಿವು
ಗಮನಿಸಿ, ಕಾರ್ಡ್ ಗೂಡಂಗಡಿ ತನಕ ತಲುಪಿಸೋ ಜಾಲ ಇತ್ತು. ಗೇಮ್ ಚೆನ್ನಾಗಿದ್ರೆ ಸಾಲದು, ದುಡ್ಡು ಇಸ್ಕೊಳ್ಳೋಕೆ ದಾರಿ ಇರ್ಬೇಕು. ನಮ್ಮಲ್ಲಿ ಅಂಥ ದಾರಿ ಸಲೀಸಾಗಿದ್ದು ಯುಪಿಐ ಬಂದ್ಮೇಲೆ.

ಬಾದಾಮಿ ಮೇಷ್ಟ್ರು
ಒಂದು ವಿಷಯ ಯಾರೂ ಹೇಳಲಿಲ್ಲ. ಆ ಆಟದ ಕಥೆ ಬೌದ್ಧ ಭಿಕ್ಷು ಒಬ್ಬ ಧರ್ಮಗ್ರಂಥ ತರಲು ಪಶ್ಚಿಮಕ್ಕೆ ಹೊರಡುವ ಹಳೆಯ ಚೀನೀ ಕಥೆ. ಪಶ್ಚಿಮ ಅಂದರೆ ಭಾರತ. ಆ ಭಿಕ್ಷುವಿನ ಮೂಲ ನಮ್ಮ ಪಠ್ಯಪುಸ್ತಕದ ಹ್ಯೂಯೆನ್ ತ್ಸಾಂಗ್. ಏಳನೇ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೂ ಬಂದು, ಇಲ್ಲಿನ ಜನ ಸ್ವಾಭಿಮಾನಿಗಳು, ಉಪಕಾರ ಮರೆಯುವುದಿಲ್ಲ, ಅಪಕಾರಕ್ಕೆ ಸೇಡು ಬಿಡುವುದಿಲ್ಲ ಎಂದು ಬರೆದಿಟ್ಟವನು. ನೆಟ್‌ಈಸ್‌ಗೆ ಅನ್ನ ಹಾಕಿದ್ದು ಆ ಪ್ರವಾಸ.

ಕುಡ್ಲದ ಕೋಡರ್
ಹಾಗಾದ್ರೆ ಬಾದಾಮಿಗೆ ರಾಯಲ್ಟಿ ಬರ್ಬೇಕು ಸರ್.

ಬಸವನಗುಡಿ ಬಾಯ್
ಮೇಷ್ಟ್ರೇ, ಜನ ಆಡಿದ್ದು ಭಿಕ್ಷು ಜೊತೆ ಹೋಗೋ ಮಂಗಣ್ಣನ ಕಥೆಗೆ, ಭಿಕ್ಷುಗಲ್ಲ. ಹ್ಯೂಯೆನ್ ತ್ಸಾಂಗ್ ಒಬ್ಬನೇ ಇದ್ದಿದ್ರೆ ಯಾರೂ ಕಾರ್ಡ್ ಕೆರೀತಿರ್ಲಿಲ್ಲ.

ಬಾದಾಮಿ ಮೇಷ್ಟ್ರು
ಭಿಕ್ಷು ಹೊರಡದಿದ್ದರೆ ಮಂಗನಿಗೆ ಕೆಲಸವೇ ಇರುತ್ತಿರಲಿಲ್ಲವಪ್ಪ.

ಹಾಸನದ ಹೀಲರ್
ಅದೇ ಆಟದೊಳಗೆ 2006ರಲ್ಲಿ ದೊಡ್ಡ ಗಲಾಟೆ ಆಗಿತ್ತು. ಜಪಾನ್ ವಿರೋಧಿ ಹೆಸರು ಇಟ್ಕೊಂಡಿದ್ದ ಒಬ್ಬ ಆಟಗಾರನ ಖಾತೆಗೆ ಕಂಪನಿ ಬೀಗ ಹಾಕ್ತು. ಅದರ ಮೇಲೆ ಆಟದೊಳಗಿನ ಸರ್ಕಾರಿ ಕಚೇರಿಯ ಗೋಡೆ ಚಿತ್ರ ಜಪಾನಿನ ಉದಯಸೂರ್ಯ ಬಾವುಟದ ಥರ ಇದೆ ಅಂತ ಗುಲ್ಲೆದ್ದು, ಸಾವಿರಾರು ಆಟಗಾರರು ಆ ಕಚೇರಿ ಮುಂದೆ ತಮ್ಮ ಪಾತ್ರಗಳನ್ನ ತಂದು ನಿಲ್ಲಿಸಿ ಧರಣಿ ಕೂತ್ರು. ಬೀದೀಲಿ ಕೂರೋಕೆ ಬಿಡದ ದೇಶದಲ್ಲಿ ಸರ್ವರ್ ಒಳಗೆ ಧರಣಿ.

ಲೆಕ್ಕದ ರಾಧಿಕಾ
ಈ ಹಂದಿ ಸಾಕಾಣಿಕೆ ಸುದ್ದಿ ನಿಜಾನಾ? ಎಲ್ಲೋ ಓದಿದ ನೆನಪು, ಇಲ್ಲಿ ಯಾರೂ ಎತ್ತಲೇ ಇಲ್ಲ.

ಷೇರುಪೇಟೆ ಸಂಗಣ್ಣ
ನಿಜ ಐತ್ರಿ ಅಕ್ಕಾರ. 2009ರಾಗ ಡಿಂಗ್ ಲೆಯ್ "ಹಂದಿ ಸಾಕ್ತೀನಿ" ಅಂದಾಗ ಎಲ್ಲಾರೂ ನಕ್ರು. ಝೆಜಿಯಾಂಗ್ ಪ್ರಾಂತ್ಯದ ಆಂಜಿಯೊಳಗ ಫಾರ್ಮ್ ಮಾಡಿ ಕರಿ ಹಂದಿ ಸಾಕಿದ್ರು. ಮಾರ್ಕೆಟಿಗೆ ಬರಾಕ ವರ್ಷಗಟ್ಲೆ ಆತು. 2016ರಾಗ ಹರಾಜು ಹಾಕಿದ್ರ ಒಂದೊಂದು ಹಂದಿ ಲಕ್ಷ ಯುವಾನ್ ಮೀರಿತು.

ಬಸವನಗುಡಿ ಬಾಯ್
ಫೋಕಸ್ ಇಲ್ಲದ ಕಂಪನಿ. ಹಂದಿ, ಮ್ಯೂಸಿಕ್ ಆ್ಯಪ್, ಡಿಕ್ಷನರಿ, ಕಾವೊಲಾ ಅಂತ ಶಾಪಿಂಗು. ಶಾಪಿಂಗನ್ನ 2019ರಲ್ಲಿ 200 ಕೋಟಿ ಡಾಲರ್‌ಗೆ ಅಲಿಬಾಬಾಗೆ ಮಾರಿ ಕೈ ತೊಳ್ಕೊಂಡ್ರು. ಟೆನ್ಸೆಂಟ್ ನೋಡಿ ಕಲೀಬೇಕು. ಕ್ಯೂಕ್ಯೂ, ವೀಚಾಟ್ ಅನ್ನೋ ಚಾಟ್ ಆ್ಯಪ್ ಇಟ್ಕೊಂಡು ಇಡೀ ದೇಶದ ಜನ ಕೈಯಲ್ಲಿದ್ದಾರೆ. ಆಟ ಬೇಕಾ? ಹೊರದೇಶದ ಗೇಮ್ ಕಂಪನಿಗಳನ್ನೇ ತಗೋ. ರಾಯಟ್ ಕೊಂಡ್ಕೋ. ಸೂಪರ್‌ಸೆಲ್ ಬೇಕಾ? 2016ರಲ್ಲಿ 860 ಕೋಟಿ ಡಾಲರ್. ಎಪಿಕ್‌ನಲ್ಲಿ 40 ಪರ್ಸೆಂಟ್ 2012ರಲ್ಲೇ.

ಹಾಸನದ ಹೀಲರ್
ದುಡ್ಡು ಕೊಟ್ಟು ಕೊಳ್ಳೋದು ಬೇರೆ, ಬರೆಯೋದು ಬೇರೆ. ನೆಟ್‌ಈಸ್ ಬಳಿ ವೀಚಾಟ್ ಥರ ಜನರನ್ನ ತಳ್ಳೋ ಬಾಗಿಲಿಲ್ಲ, ಅದಕ್ಕೇ ಆಟ ಚೆನ್ನಾಗಿರಲೇಬೇಕು. ನೆಟ್‌ಈಸ್‌ನ ಎಗ್ಗಿ ಪಾರ್ಟಿ ಆಟ ಹಿಟ್ ಆದಾಗ ಟೆನ್ಸೆಂಟ್ 2023ರ ಡಿಸೆಂಬರ್‌ನಲ್ಲಿ ಅದೇ ಥರದ ಡ್ರೀಮ್‌ಸ್ಟಾರ್ ತಂದು 140 ಕೋಟಿ ಯುವಾನ್ ಸುರೀತೀವಿ ಅಂತು. ಎಗ್ಗಿ ಅಲುಗಾಡ್ಲಿಲ್ಲ.

ಬಸವನಗುಡಿ ಬಾಯ್
ಬರೆಯೋದಾ? ಪಬ್‌ಜಿ ನಕಲು ಮಾಡಿ ರೂಲ್ಸ್ ಆಫ್ ಸರ್ವೈವಲ್, ನೈವ್ಸ್ ಔಟ್ ತಂದಿದ್ದು ಯಾರು? ಪಬ್‌ಜಿಯವರು 2018ರಲ್ಲಿ ಕ್ಯಾಲಿಫೋರ್ನಿಯಾ ಕೋರ್ಟಲ್ಲಿ ಕೇಸ್ ಹಾಕಿದ್ರಲ್ಲ. ಬಾಣಲೆ ಹಿಡ್ಕೊಂಡು ಹೊಡೆಯೋದನ್ನೂ ಎತ್ತಿದಾರೆ ಅಂತ ದೂರಲ್ಲಿತ್ತು.

ದಾವಣಗೆರೆ ಡ್ಯೂಡ್
ರೂಲ್ಸ್ ಆಫ್ ಸರ್ವೈವಲ್ ಬಗ್ಗೆ ಕೆಟ್ಟದಾಗಿ ಮಾತಾಡ್ಬೇಡಿ ಬಾಸ್. ನಮ್ಮ ಹಾಸ್ಟೆಲ್‌ನಲ್ಲಿ ಪಬ್‌ಜಿ ಮೊಬೈಲ್‌ಗೆ ಮುಂಚೆ ಅದೇ ದೇವ್ರು. ಕಡಿಮೆ ರ‍್ಯಾಮ್ ಫೋನಲ್ಲೂ ಓಡ್ತಿತ್ತು.

ವಿಎಎಸ್ ಶಿವು
ಎರಡೂ ಒಂದೇ ದಿನ ಹೋದ್ವು. 2020ರ ಸೆಪ್ಟೆಂಬರ್ 2ರಂದು ನಮ್ಮ ಸರ್ಕಾರ ಬ್ಯಾನ್ ಮಾಡಿದ 118 ಆ್ಯಪ್‌ಗಳ ಪಟ್ಟಿ ತೆಗೆದು ನೋಡಿ, ಪಬ್‌ಜಿ ಮೊಬೈಲ್ ಜೊತೆಗೆ ರೂಲ್ಸ್ ಆಫ್ ಸರ್ವೈವಲ್, ನೈವ್ಸ್ ಔಟ್, ಸೈಬರ್ ಹಂಟರ್ ಎಲ್ಲ ಇವೆ. ಟಿವಿಯವರು ಪಬ್‌ಜಿ ಅಂತ ಮಾತ್ರ ಕೂಗಿದ್ರು.

ಕುಡ್ಲದ ಕೋಡರ್
ಅಮೆರಿಕದ ಗೇಮ್ ಕಂಪನಿ ಬ್ಲಿಝಾರ್ಡ್ ಜೊತೆಗಿನ ಜಗಳ ಯಾರೂ ಹೇಳ್ಲಿಲ್ಲ, ಅದೇ ಮಜಾ ಉಂಟು. ಅವರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟವನ್ನ ಚೀನಾದಲ್ಲಿ ನಡೆಸೋ ಹಕ್ಕನ್ನ 2009ರಲ್ಲಿ ಇನ್ನೊಂದು ಕಂಪನಿ ಕೈಯಿಂದ ನೆಟ್‌ಈಸ್ ತಗೊಂಡಿತು. ಆಗ ಎರಡು ಸರ್ಕಾರಿ ಇಲಾಖೆಗಳು "ಅನುಮತಿ ಕೊಡೋದು ನಾವು, ನೀವಲ್ಲ" ಅಂತ ಪರಸ್ಪರ ಕಿತ್ತಾಡಿ ಆಟ ನಡುವೆ ಸಿಕ್ಕಿ ಹಾಕ್ಕೊಂಡಿತು. ಅದಕ್ಕಿಂತ ಮುಂಚೆಯೇ ಚೀನಾ ಆವೃತ್ತಿಯಲ್ಲಿ ಅಸ್ಥಿಪಂಜರಗಳಿಗೆ ಮಾಂಸ ತುಂಬಿಸಿ ಆಗಿತ್ತು, ಎಲುಬು ಕಾಣಬಾರದು ಅಂತ. ಮತ್ತೆ 2022ರ ಕೊನೆಗೆ ಕರಾರು ಮುರಿಯಿತು. ಬ್ಲಿಝಾರ್ಡ್ "ಇನ್ನೊಂದು ಆರು ತಿಂಗಳು ನಡೆಸಿ" ಅಂತ ಕೇಳಿದ್ದಕ್ಕೆ ಇವರು, ಕತ್ತೆ ಮೇಲೆ ಕೂತು ಕುದುರೆ ಹುಡುಕುವ ಬುದ್ಧಿ ನಿಮ್ಮದು ಅಂತ ಹೇಳಿಕೆ ಬಿಟ್ರು. 2023ರ ಜನವರಿಯಲ್ಲಿ ಆಫೀಸಿನ ಹೊರಗಿದ್ದ ವಾರ್‌ಕ್ರಾಫ್ಟ್ ಕೊಡಲಿಯ ದೊಡ್ಡ ಪ್ರತಿಮೆಯನ್ನ ಲೈವ್ ವಿಡಿಯೊ ಇಟ್ಟು ಒಡೆದು ಹಾಕಿದ್ರು. 2024ರಲ್ಲಿ ಮತ್ತೆ ರಾಜಿ, ಆಗಸ್ಟ್‌ನಲ್ಲಿ ಸರ್ವರ್ ವಾಪಸ್!

ದಾವಣಗೆರೆ ಡ್ಯೂಡ್
ಕೊಡಲಿ ಮತ್ತೆ ಮಾಡಿಸಿದ್ರಾ?

ಕುಡ್ಲದ ಕೋಡರ್
ಅದಕ್ಕೆ ಬಡಗಿಯನ್ನ ಕೇಳ್ಬೇಕು.

ಲೆಕ್ಕದ ರಾಧಿಕಾ
"ಸರ್ಕಾರ ಸಾಕಿದ್ದು" ಅನ್ನೋ ವಾದಕ್ಕೆ ಇನ್ನೊಂದು ಉತ್ತರ. 2023ರ ಡಿಸೆಂಬರ್ 22ರಂದು ಚೀನಾ ಸರ್ಕಾರ ಗೇಮ್ ಖರ್ಚಿಗೆ ಮಿತಿ ಹಾಕೋ, ದಿನಾ ಲಾಗಿನ್ ಆದ್ರೆ ಬಹುಮಾನ ಕೊಡೋದನ್ನ ನಿಲ್ಲಿಸೋ ಕರಡು ನಿಯಮ ಬಿಟ್ಟಿತು. ಹಾಂಗ್‌ಕಾಂಗ್‌ನಲ್ಲಿ ಒಂದೇ ದಿನ ನೆಟ್‌ಈಸ್ ಸುಮಾರು 25 ಪರ್ಸೆಂಟ್ ಬಿತ್ತು, ಟೆನ್ಸೆಂಟ್ 12. ಮುಂದಿನ ತಿಂಗಳು ಆ ಕರಡು ಸರ್ಕಾರಿ ವೆಬ್‌ಸೈಟ್‌ನಿಂದಲೇ ಮಾಯ. ಇದು ಸಾಕೋ ರೀತಿನಾ? ಟೆನ್ಸೆಂಟ್‌ಗಿಂತ ನೆಟ್‌ಈಸ್‌ಗೆ ಎರಡು ಪಟ್ಟು ಹೊಡೆತ ಯಾಕೆ ಅಂದ್ರೆ ಗೇಮ್ ಬಿಟ್ಟು ಬೇರೆ ದೊಡ್ಡ ಗಳಿಕೆ ಇಲ್ಲ.

ಬಸವನಗುಡಿ ಬಾಯ್
ಹೊಡೆಯೋನೂ ಅವನೇ, ಸಾಕೋನೂ ಅವನೇ. ನನ್ನ ವಾದ ಬಿದ್ದಿಲ್ಲ. ಹೊರಗಿನವರ ಆಟ ಅಲ್ಲಿ ಬರ್ಬೇಕಂದ್ರೆ ಒಬ್ಬ ಚೀನೀ ಪಾಲುದಾರ ಬೇಕೇ ಬೇಕು. ಮೈನ್‌ಕ್ರಾಫ್ಟ್ ಕೂಡ ನೆಟ್‌ಈಸ್ ಬಾಗಿಲಿನಿಂದಲೇ ಒಳಗೆ ಹೋಗಿದ್ದು. ಇಂಥ ಅನುಕೂಲ ರೆಡಿಫ್‌ಗೆ ಯಾರು ಕೊಟ್ರು?

ತುಂಗಾತೀರ
ಈ ಸಲ ಪಾಯಿಂಟ್ ಇದೆ, ಒಪ್ಪಿದೆ.

ಮೈಸೂರು ಮಾಲತಿ
ನಾನು ಗೇಮ್ ಆಡೋಳಲ್ಲ, ಹತ್ತನೇ ಕ್ಲಾಸ್ ಹುಡುಗನ ತಾಯಿ. ಚೀನಾದಲ್ಲಿ ಮಕ್ಕಳಿಗೆ ವಾರಕ್ಕೆ ಮೂರೇ ಗಂಟೆ ಅಂತೆ ಹೌದಾ? ಅದನ್ನ ಇಲ್ಲಿಗೆ ತರ್ರಪ್ಪ ಯಾರಾದ್ರೂ.

ಹಾಸನದ ಹೀಲರ್
ಹೌದು ಮೇಡಂ, 2021ರ ಆಗಸ್ಟ್ ಕೊನೆಗೆ ಬಂದ ನಿಯಮ. ಶುಕ್ರ, ಶನಿ, ಭಾನು, ರಜಾ ದಿನ, ರಾತ್ರಿ 8ರಿಂದ 9 ಮಾತ್ರ. ಮಕ್ಕಳು ಅಜ್ಜ ಅಜ್ಜಿ ಗುರುತಿನ ಚೀಟಿ ಹಾಕಿ ಆಡೋಕೆ ಶುರು ಮಾಡಿದ್ರು. ಅದಕ್ಕೆ ಮುಂಚೆಯೇ ಟೆನ್ಸೆಂಟ್‌ನವರು ರಾತ್ರಿ ಹೊತ್ತು ಮುಖ ಗುರುತಿಸೋ ವ್ಯವಸ್ಥೆ ಹಾಕಿದ್ರು.

ಮೈಸೂರು ಮಾಲತಿ
ನಮ್ಮತ್ತೆ ಆಧಾರ್ ಕಾರ್ಡ್ ಇವತ್ತೇ ಬೀರುವಿಗೆ ಹಾಕ್ತೀನಿ.

ಜಯನಗರದ ಪಿಕ್ಸೆಲ್
ರೆಡಿಫ್ ಹೋಲಿಕೆ ಬಿಡಿ, ಬೆಂಗಳೂರಿನದೇ ಹೋಲಿಕೆ ಕೊಡ್ತೀನಿ. ನೆಟ್‌ಈಸ್ ಹುಟ್ಟಿದ 1997ರಲ್ಲೇ ಇಲ್ಲಿ ಧ್ರುವ ಇಂಟರಾಕ್ಟಿವ್ ಹುಟ್ಟಿದ್ದು, ರಾಜೇಶ್ ರಾವ್ ಅವರದು. ದೇಶದ ಮೊದಮೊದಲ ಗೇಮ್ ಕಂಪನಿ. ಕೆಲಸದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಫೋರ್ಜಾ ಥರದ ರೇಸಿಂಗ್ ಆಟಗಳಿಗೆ ಕಾರಿನ ಮಾಡೆಲ್ ಮಾಡಿಕೊಟ್ಟವರು. ಒಂದೊಂದು ಕಾರಿಗೆ ಹೊಲಿಗೆ ಹಾಕಿದ ಸೀಟು, ಡ್ಯಾಶ್‌ಬೋರ್ಡಿನ ಗುಂಡಿ, ಬಾಗಿಲು ತೆಗೆದ್ರೆ ಕಾಣೋ ಒಳಗಿನ ರಬ್ಬರ್ ಪಟ್ಟಿ, ಎಲ್ಲ ಕೂತು ಕಡೆಯೋ ಕೆಲಸ. ಈ ಫೀಲ್ಡಲ್ಲಿರೋನಾಗಿ ಹೇಳ್ತೀನಿ, ಅಲ್ಲಿ ಪಳಗಿದೋರು ಇವತ್ತು ಊರಿನ ಅರ್ಧ ಸ್ಟುಡಿಯೊಗಳಲ್ಲಿದ್ದಾರೆ.

ಆದ್ರೆ ಆಟ ಯಾರದ್ದು? ಕೆಲಸ ಕೊಟ್ಟ ಹೊರಗಿನ ಕಂಪನಿಯವರದ್ದು. ಮಾರಾಟದ ಲಾಭ? ಅವರಿಗೆ. ನಮಗೆ ಗಂಟೆ ಲೆಕ್ಕದ ಬಿಲ್. 2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಝ್ ಕೊಂಡ್ಕೊಂಡಿತು, 2019ರಲ್ಲಿ ರಾಕ್‌ಸ್ಟಾರ್ 79 ಲಕ್ಷ ಡಾಲರ್‌ಗೆ ತಗೊಂಡಿತು. ನೆಟ್‌ಈಸ್ ಬೆಳೆದಿದ್ದು ಮೊದಲ ಆಟ ಬಿದ್ದಾಗ ಎರಡನೇದಕ್ಕೆ ದುಡ್ಡು ಹಾಕೋ ಶಕ್ತಿ ಇದ್ದಿದ್ರಿಂದ. ಶಿವು ಹೇಳಿದ 85 ಪರ್ಸೆಂಟ್ ಅಲ್ಲಿಗೆ ಹೋಗಿ ಕೂತ್ಕೊಳುತ್ತೆ.

ಬಸವನಗುಡಿ ಬಾಯ್
ಫೌಜಿ ಗೇಮ್ ಬಂತಲ್ಲ ಸ್ವದೇಶಿ, ಬೆಂಗಳೂರಿನದೇ.

ದಾವಣಗೆರೆ ಡ್ಯೂಡ್
2021ರ ಜನವರಿ 26ಕ್ಕೆ ಡೌನ್‌ಲೋಡ್ ಮಾಡಿದ್ದೆ. ಬಂದೂಕೇ ಇರ್ಲಿಲ್ಲ, ಬರೀ ಗುದ್ದಾಟ. ಪಬ್‌ಜಿ ಬ್ಯಾನ್ ಆದ ಎರಡೇ ದಿನಕ್ಕೆ ಪೋಸ್ಟರ್ ಬಿಟ್ರೆ ಇನ್ನೇನಾಗುತ್ತೆ.

ಜಯನಗರದ ಪಿಕ್ಸೆಲ್
ನಮ್ಮಲ್ಲಿ ಗೇಮ್ ಅಂದ್ರೆ ಹೂಡಿಕೆದಾರರಿಗೆ ಕಂಡಿದ್ದು ರಮ್ಮಿ, ಫ್ಯಾಂಟಸಿ ಕ್ರಿಕೆಟ್. ರಾಜ್ಯ ಸರ್ಕಾರ 2021ರಲ್ಲಿ ನಿಷೇಧ ತಂತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನ ರದ್ದು ಮಾಡ್ತು, 2025ರಲ್ಲಿ ಕೇಂದ್ರ ಕಾನೂನು ಬಂದು ದುಡ್ಡಿನಾಟಕ್ಕೆ ಪೂರ್ತಿ ಬಾಗಿಲು ಹಾಕ್ತು. ಆ ಬಂಡವಾಳದಲ್ಲಿ ಕಾಲುಭಾಗ ನಿಜವಾದ ಆಟಕ್ಕೆ ಬಂದಿದ್ರೆ ಅಂತ ಹೊಟ್ಟೆ ಉರಿಯುತ್ತೆ.

ಇಳಕಲ್ ಗ್ರಾನೈಟ್
ಹಾಟ್‌ಮೇಲ್ ಮಾಡಿದ ಸಬೀರ್ ಭಾಟಿಯಾ ಬೆಂಗಳೂರಾಗ ಬೆಳದಾಂವ. ಹಾಟ್‌ಮೇಲ್ ನೋಡಿ ಡಿಂಗ್ ಲೆಯ್ ಚೀನಾಕ್ಕ ಪುಕ್ಕಟೆ ಈಮೇಲ್ ಕಟ್ಟಿದ, 163 ಅಂತ ಡಯಲಪ್ ನಂಬರನ್ನ ಹೆಸರಾಗಿ ಇಟ್ಟು. ಇವ್ರು ಮೈಕ್ರೋಸಾಫ್ಟ್‌ಗ ಮಾರಿದ್ರು, ಅಂವ ಇಟ್ಕೊಂಡ.

ವಿಎಎಸ್ ಶಿವು
ಇಟ್ಕೊಂಡೇ ಗೆದ್ದ ಅನ್ನೋದೂ ಪೂರ್ತಿ ಸರಿಯಲ್ಲ. ಮೊದಲ ಈಮೇಲ್ ವ್ಯವಸ್ಥೇನ ಗುವಾಂಗ್‌ಝೌ ಟೆಲಿಕಾಂಗೆ ಡೊಮೇನ್ ಸಮೇತ ಮಾರಿದ್ದ. ಆ ದುಡ್ಡಲ್ಲೇ ಕಂಪನಿ ನಿಂತಿದ್ದು.

ಕುಡ್ಲದ ಕೋಡರ್
ಈಗ ಅಲ್ಲಿ ಎಲ್ಲ ಚಂದ ಅಂತಲೂ ತಿಳ್ಕೊಳ್ಬೇಡಿ. ಜಪಾನ್, ಅಮೆರಿಕ ಎಲ್ಲ ಕಡೆ ಸ್ಟುಡಿಯೊ ತೆರೆದು ಈಗ ಒಂದೊಂದೇ ಮುಚ್ತಾ ಇದ್ದಾರೆ. ಮಾರ್ವೆಲ್ ರೈವಲ್ಸ್ ಇಷ್ಟು ಹಿಟ್ ಆದ್ರೂ 2025ರ ಫೆಬ್ರವರಿಯಲ್ಲಿ ಸಿಯಾಟಲ್‌ನ ತಂಡವನ್ನೇ ಮನೆಗೆ ಕಳ್ಸಿದ್ರು. ಹಿಟ್ ಕೊಟ್ರೂ ಕೆಲಸ ಉಳಿಯೋದಿಲ್ಲ ಅಂದ್ರೆ ಎಂಥ ಮಾಡುದು.

ಜಯನಗರದ ಪಿಕ್ಸೆಲ್
ಇದು ಓದಿ ನಮ್ಮ ಆಫೀಸಲ್ಲೂ ಒಂದು ದಿನ ಪೂರ್ತಿ ಯಾರೂ ಮಾತಾಡಿರ್ಲಿಲ್ಲ.

ತುಂಗಾತೀರ
ಒಳ್ಳೇ ಚರ್ಚೆ, ಎಲ್ರಿಗೂ ಥ್ಯಾಂಕ್ಸ್. ಸಂಗಣ್ಣಾರೆ, ಕೊನೇದಾಗಿ ಒಂದು. ನೆಟ್‌ಈಸ್ ಷೇರು ಈಗ ತಗೋಬಹುದಾ?

ಷೇರುಪೇಟೆ ಸಂಗಣ್ಣ
ಒಂದ್ ಡಾಲರ್ ಇದ್ದಾಗ ಕೇಳ್ಬೇಕಿತ್ರಿ.

ಬಸವನಗುಡಿ ಬಾಯ್
ಹಂದಿ ಮಾಂಸದ ಬೆಲೆ ನೋಡ್ಕೊಂಡು ತಗೊಳ್ಳಿ ಸರ್.